ಮೂರು ಚುಕ್ಕೆಯ ಪಾಟಾ

ನಮ್ಮ ಮನೆಯವರಿಗೆ ಐವತ್ತು ತುಂಬಿದ ವರ್ಷ ಜೀಪಿನ ಹುಚ್ಚು ಹತ್ತಿತು. ಆ ವಯಸ್ಸಿಗೆ ಕೆಲವರಿಗೆ ಶುಗರ್ ಬರುತ್ತದೆ, ಕೆಲವರು ಇದ್ದಕ್ಕಿದ್ದಂತೆ ಯೋಗಾಸನ ಅಂತ ಚಾಪೆ ಹಾಸುತ್ತಾರೆ. ಇವರು ಮಗಳ ಎರಡರಷ್ಟು ವಯಸ್ಸಾದ ಒಂದು ಜೀಪನ್ನು ತಂದು ಈ ಹಿಮದ ದೇಶದ ಎಟೋಬಿಕೋಕ್‌ನ ನಮ್ಮ ಬಂಗಲೆಯ ಮುಂದೆ ನಿಲ್ಲಿಸಿದರು. ಬಂಗಲೆ ಅಂದರೆ ಊರಿನವರು ಏನೇನೋ ಕಲ್ಪಿಸಿಕೊಳ್ಳಬಾರದು. ಮಹಡಿ ಇಲ್ಲದ ಹಳೇ ಮನೆಗೆ ಇಲ್ಲಿ ಹಾಗೆ ಅನ್ನುತ್ತಾರೆ, ಅಷ್ಟೇ.

"ಏನ್ರೀ ಇದು?" ಅಂದೆ.

"ಆಫ್‌ರೋಡಿಂಗ್‌ಗೆ ಕಣೆ. ರಸ್ತೆ ಇಲ್ಲದ ಕಡೆ ಓಡಿಸೋದು."

ರಸ್ತೆ ಇಲ್ಲದ ಕಡೆ ಗಾಡಿ ಓಡಿಸುವುದು ಒಂದು ಹವ್ಯಾಸ ಅಂತ ನನಗೆ ಗೊತ್ತಾದದ್ದೇ ಆವತ್ತು. ನಮ್ಮ ಕಡೆ ಅದಕ್ಕೆ ಹವ್ಯಾಸ ಅನ್ನುತ್ತಿರಲಿಲ್ಲ, ಅಜ್ಜಿ ಊರಿಗೆ ಹೋಗುವುದು ಅನ್ನುತ್ತಿದ್ದರು.

ಇವರು ಮೈಸೂರಿನವರು, ಸಾಫ್ಟ್‌ವೇರು. ನಾನು ಹುಬ್ಬಳ್ಳಿಯವಳು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದು ನನ್ನ ಕನ್ನಡ ಅರ್ಧಕ್ಕರ್ಧ ಅವರದಾಗಿದೆ. ಸಿಟ್ಟು ಬಂದಾಗ ಮಾತ್ರ ಪೂರಾ ಹುಬ್ಬಳ್ಳಿ. ಆ ವರ್ಷ ನಾನು ಹೆಚ್ಚುಕಡಿಮೆ ಹುಬ್ಬಳ್ಳಿಯಲ್ಲೇ ಇದ್ದೆ.

ಜೀಪಿನ ಬೆನ್ನಿಗೆ ಒಂದು ಕ್ಲಬ್ಬೂ ಬಂತು. ಏಳೆಂಟು ಜನ, ಎಲ್ಲ ಬೆಂಗಳೂರು ಮೈಸೂರಿನ ಕಡೆಯವರು, ಎಲ್ಲ ಇಂಜಿನಿಯರುಗಳು, ಒಬ್ಬರಿಗೂ ನೆಟ್ಟಗೆ ಸ್ಟೆಪ್ನಿ ಬದಲಿಸಲು ಬರುವುದಿಲ್ಲ. ವಾರವೆಲ್ಲ ಕುರ್ಚಿ ಸರಿಯಿಲ್ಲ, ಸೊಂಟ ನೋವು ಅಂತ ನರಳುವವರು ಶನಿವಾರ ಬಂದರೆ ಫೋರ್ ಹಂಡ್ರೆಡ್ ಹೈವೇ ಹಿಡಿದು ಉತ್ತರಕ್ಕೆ ಹೋಗಿ, ಬಂಡೆಗಳ ಮೇಲೆ ಗಾಡಿ ಹತ್ತಿಸಿ, ಇದ್ದ ಸೊಂಟವನ್ನೂ ಮುರಿದುಕೊಂಡು ಬರುತ್ತಾರೆ. ಬಂದ ಮೇಲೆ ಕೆಸರು ತೊಳೆಯುವುದಿಲ್ಲ. ಸೋಮವಾರ ಆಫೀಸಿನ ಪಾರ್ಕಿಂಗಿನಲ್ಲಿ ಆ ಕೆಸರು ನಾಲ್ಕು ಜನರಿಗೆ ಕಾಣಬೇಕಲ್ಲ! ನಮ್ಮೂರ ಟ್ರ್ಯಾಕ್ಟರಿನವನೂ ಕೆರೆ ಕಂಡರೆ ಇಳಿದು ಗಾಲಿ ತೊಳೆದುಕೊಳ್ಳುತ್ತಾನೆ.

ಇವರ ಮೀಟಿಂಗು ನಮ್ಮ ಬೇಸ್‌ಮೆಂಟಿನಲ್ಲಿ. ಮೊದಲನೇ ಸಲ ಬಂದಾಗ ನಾನು ಗಿರ್ಮಿಟ್ ಮಾಡಿ ಕೊಟ್ಟೆ. ಅವರಲ್ಲೊಬ್ಬ ಮಹಾನುಭಾವ ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡು ನನಗೆ ಪಾಠ ಶುರು ಮಾಡಿದ. "ಮೇಡಂ, ಈ ಜೀಪಲ್ಲಿರೋದು ಲೀಫ್ ಸ್ಪ್ರಿಂಗು. ತುಂಬಾ ಸಿಂಪಲ್ ಟೆಕ್ನಾಲಜಿ. ಕಬ್ಬಿಣದ ಪಟ್ಟಿ ಒಂದರ ಕೆಳಗೊಂದು ಇಟ್ಟು ಬೋಲ್ಟ್ ಹಾಕೋದು, ಅಷ್ಟೇ."

"ಹೌದ್ರಿ?" ಅಂದೆ. ಉಳ್ಳಾಗಡ್ಡಿ ತರಲು ಮೇಲೆ ಹೋದೆ. ಅಲ್ಲೇ ನಿಂತಿದ್ದರೆ ಗಿರ್ಮಿಟ್ ತಟ್ಟೆ ಅವನ ತಲೆಯ ಮೇಲಿರುತ್ತಿತ್ತು.

ಯಾಕೆಂದರೆ ನಾನು ಹುಟ್ಟಿದ್ದೇ ಆ ಕಬ್ಬಿಣದ ಪಟ್ಟಿಗಳ ನಡುವೆ. ಹುಬ್ಬಳ್ಳಿಯಲ್ಲಿ ಅದಕ್ಕೆ ಪಾಟಾ ಅನ್ನುತ್ತಾರೆ. ಲಾರಿಯ ಕೆಳಗೆ ಬಗ್ಗಿ ನೋಡಿದರೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ, ಪೇರಿಸಿ ಕಟ್ಟಿರುವುದು ಕಾಣುತ್ತದಲ್ಲ, ಅದೇ. ಲಾರಿಯ ಭಾರ ಪೂರಾ ಅದರ ಮೇಲೆ. ಅಪ್ಪನದು ಹೆದ್ದಾರಿ ಮಗ್ಗಲಿಗೇ ಪಾಟಾ ಅಂಗಡಿ. ಕೂತುಹೋದ ಪಾಟಾಗೆ ಮತ್ತೆ ಬಿಲ್ಲು ಕೊಡುವುದು, ಅಂದರೆ ಬಿಲ್ಲಿನ ಹಾಗೆ ಬಗ್ಗಿಸುವುದು, ತುಂಡಾದದ್ದನ್ನು ಬಿಚ್ಚಿ ಹೊಸದು ಕಟ್ಟುವುದು ಅಲ್ಲಿಯ ಕೆಲಸ. ಅಪ್ಪನದು ಒಂದೇ ನೇಮ: ಗಿರಾಕಿ ಹೇಳಿದ್ದಕ್ಕಿಂತ ಒಂದು ಪಾಟಾ ಜಾಸ್ತಿ ಹಾಕು. ಕಾಗದದ ಮೇಲೆ ಹತ್ತು ಟನ್ ಅಂದವನು ಹೇರುವಾಗ ಹದಿನಾರು ಹೇರುತ್ತಾನೆ, ಅವನ ಬಾಯಿ ನಂಬಬೇಡ, ಅವನ ಲಾರಿ ನೋಡು ಅನ್ನುತ್ತಿದ್ದ.

ಅಲ್ಲಿ ಪ್ರತಿ ಪಾಟಾ ಅಂಗಡಿಗೂ ಒಂದು ಗುರುತು ಇರುತ್ತಿತ್ತು. ಕೆಲವರದು ಗೀರು, ಕೆಲವರದು ನಕ್ಷತ್ರ. ನಮ್ಮದು ಮೂರು ಚುಕ್ಕೆ. ಪಟ್ಟಿಯ ಅಂಚಿನ ಮೇಲೆ, ಮಗ್ಗಲಿನಿಂದ ಕಾಣುವ ಹಾಗೆ, ಪಂಚ್ ಅನ್ನುವ ಚೂಪು ಉಳಿ ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಟಕ್. ಅದು ಜಾಹೀರಾತಿಗಲ್ಲ. ಲಾರಿ ಪುಣೆಗೆ ಹೋಗಿರುತ್ತದೆ, ಗುಂತಕಲ್ಲಿಗೆ ಹೋಗಿರುತ್ತದೆ, ಎಲ್ಲೋ ಪಾಟಾ ತುಂಡಾಗುತ್ತದೆ, ಎರಡು ತಿಂಗಳ ಮೇಲೆ ಡ್ರೈವರು ಕೆಂಡಾಮಂಡಲ ಆಗಿ ಬರುತ್ತಾನೆ. ಅವನ ಹತ್ತಿರ ಚೀಟಿಯೂ ಇಲ್ಲ, ಪಾವತಿಯೂ ಇಲ್ಲ. ಅಪ್ಪ ಮಾತಾಡದೆ ಲಾರಿ ಕೆಳಗೆ ತೂರಿ ಅಂಚು ಒರೆಸಿ ನೋಡುತ್ತಿದ್ದ. ಮೂರು ಚುಕ್ಕೆ ಕಂಡರೆ, "ನಮ್ಮದ ಐತಿ, ಬಿಚ್ಚರಿ" ಅನ್ನುವುದು. ಹೊಸ ಪಾಟಾ ಪುಕ್ಕಟೆ. ಚುಕ್ಕೆ ಹೊಡೆದ ಮೇಲೆ ನಮ್ಮದಲ್ಲ ಅನ್ನುವ ಹಾಗಿಲ್ಲ.

ಆ ಪಂಚನ್ನು ನನ್ನ ಕೈಗೆ ಒಂದು ಸಲವೂ ಕೊಡಲಿಲ್ಲ. ಅದು ಅಣ್ಣನ ಹಕ್ಕು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬಂದವಳು ನಾನು, ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದವನು ಅವನು, ಪಂಚು ಅವನಿಗೆ. ಅಪ್ಪ ತೀರಿಕೊಂಡ ವರ್ಷ ಅಣ್ಣ ಅಂಗಡಿ ಮುಚ್ಚಿ ಮೊಬೈಲ್ ಮಾರಲು ಕೂತ. ನಾನು ಆ ಪಂಚನ್ನು ಹಳೇ ಸಾಮಾನಿನಿಂದ ಎತ್ತಿ, ಶೇಂಗಾ ಚಟ್ನಿ ಪುಡಿಯ ಮಗ್ಗಲಲ್ಲಿ ಸೂಟ್‌ಕೇಸಿಗೆ ಹಾಕಿಕೊಂಡು ಬಂದೆ.

ಇಲ್ಲಿ ಬಂದು ಮೊದಲು ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಕೂತು ಎರಡು ವರ್ಷ ಅರ್ಜಿ ಹಾಕಿದೆ. ನನ್ನ ಡಿಪ್ಲೊಮಾ ನೋಡಿ ಎಲ್ಲರೂ ಭಾಳ ನಯವಾಗಿ ನಕ್ಕರು. ಕೊನೆಗೆ ವಾನ್ ಅನ್ನುವ ಊರಿನಲ್ಲಿ ಗೋದಾಮುಗಳ ನಡುವೆ ಇರುವ ಒಂದು ಲಾರಿ ಸ್ಪ್ರಿಂಗ್ ಶಾಪಿನಲ್ಲಿ ಪಾರ್ಟ್ಸ್ ಕೌಂಟರಿನ ಕೆಲಸ ಸಿಕ್ಕಿತು. ಹನ್ನೊಂದು ವರ್ಷ ಆ ಕೌಂಟರಿನ ಹಿಂದೆ ನಿಂತಿದ್ದೇನೆ. ಹನ್ನೊಂದು ವರ್ಷವೂ ಎಲ್ಲ ದೇಶದ ಡ್ರೈವರುಗಳು ಎಲ್ಲ ಭಾಷೆಯಲ್ಲಿ ಒಂದೇ ಮಾತು ಕೇಳಿದ್ದಾರೆ, ಒಳಗೆ ಯಾರಾದರೂ ಗಂಡಸರಿದ್ದಾರಾ ಅಂತ. "ಬೆಹೆನ್‌ಜಿ, ಮೆಕ್ಯಾನಿಕ್ ಕೋ ಬುಲಾಓ." ಬುಲಾಯಿಸುತ್ತೇನೆ. ಅವನು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನೇ ಕೇಳುತ್ತಾನೆ, ಯಾವ ಬೋಲ್ಟು ಅಂತ.

ಒಳಗೆ ಬೆಂಚ್ ಇದೆ. ಪಾಟಾ ಬಿಚ್ಚಿ, ಬಿಲ್ಲು ಕೊಟ್ಟು, ಕಟ್ಟುವ ಜಾಗ. ಅಲ್ಲಿ ನಿಲ್ಲಬೇಕು ಅನ್ನುವುದು ನನ್ನ ಹನ್ನೊಂದು ವರ್ಷದ ಆಸೆ, ಬೇಕಾದರೆ ಹುಟ್ಟಿದಾಗಿನ ಆಸೆ ಅನ್ನಿ. ಆ ಚಳಿಗಾಲ ಬೆಂಚಿನಲ್ಲಿ ನಿಲ್ಲುವ ಹಿರಿಯರು ಜೂನಿಗೆ ರಿಟೈರ್ ಆಗುತ್ತೇನೆ ಅಂದರು. ನಾನು ಹೋಗಿ ಮಾಲಕರನ್ನು ಕೇಳಿದೆ. ಮಾಲಕರು ಇಟಲಿಯಿಂದ ಚಿಕ್ಕವರಿದ್ದಾಗ ಬಂದ ಮುದುಕರು, ಮಾತು ಕಮ್ಮಿ. ಹಿಮ ಬಿದ್ದು ಗಿರಾಕಿ ಇಲ್ಲದ ದಿನಗಳಲ್ಲಿ ಕೌಂಟರಿಗೆ ಒರಗಿ ನಿಂತು ನನ್ನ ಹುಬ್ಬಳ್ಳಿ ಪುರಾಣ ಕೇಳಿದವರು. ಅಪ್ಪ, ಅಂಗಡಿ, ಗುರುತು, ಎಲ್ಲ ಅವರಿಗೆ ಹೇಳಿಕೊಂಡಿದ್ದೆ. "ನಿನ್ನ ಕೈಯಿಂದ ಒಂದು ಗಾಡಿ ಕಟ್ಟಿ ತಂದು ತೋರಿಸು, ಸರಿಯಿದ್ದರೆ ಬೆಂಚ್ ನಿನ್ನದು" ಅಂದರು. ಏಪ್ರಿಲಿನಲ್ಲಿ ತಾವು ಎರಡು ವಾರ ಬಿಸಿಲಿರುವ ಕಡೆ ರಜೆಗೆ ಹೋಗುವುದಾಗಿಯೂ, ಮಧ್ಯಾಹ್ನದ ಬಿಡುವಿನಲ್ಲಿ ಪ್ರೆಸ್ಸು, ಗ್ರೈಂಡರು ಬಳಸಿಕೋ ಅಂತಲೂ ಹೇಳಿದರು.

ಕಟ್ಟಲು ಗಾಡಿ ಎಲ್ಲಿಂದ ತರಲಿ? ಮನೆ ಮುಂದೆ ತುಕ್ಕು ಹಿಡಿದು ನಿಂತಿತ್ತಲ್ಲ, ನಮ್ಮ ಮನೆಯವರ ಪ್ರೀತಿಯ ಜೀಪು!

ಅದರ ನಾಲ್ಕೂ ಪಾಟಾ ಕೂತುಹೋಗಿ ಚಪ್ಪಟೆಯಾಗಿದ್ದವು. ಅದನ್ನು ಸರಿಮಾಡಲು ಅಷ್ಟು ದಿನ ಇವರು ಏನು ಮಾಡುತ್ತಿದ್ದರು ಅಂದರೆ, ವಿಡಿಯೊ ನೋಡುತ್ತಿದ್ದರು. ಊಟ ಮಾಡುತ್ತ ನೋಡುವುದು, ಹಲ್ಲು ಉಜ್ಜುತ್ತ ನೋಡುವುದು. ಆಮೇಲೆ ಜೀಪನ್ನು ಎಲ್ಲಿಗೋ ಒಯ್ದು ನಾಲ್ಕೂ ಗಾಲಿಯ ಭಾರ ಬೇರೆ ಬೇರೆ ತೂಗಿಸಿ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿದರು. ಪಟ್ಟಿಗೆ ಬಣ್ಣ ಬೇರೆ, ಹಸಿರು, ಹಳದಿ, ಕೆಂಪು. ಒಂದು ಬೋಲ್ಟ್ ಬಿಚ್ಚಲಿಲ್ಲ ಪುಣ್ಯಾತ್ಮರು.

"ಪಾಟಾ ನಾನು ಕಟ್ಟತೀನ್ರಿ" ಅಂದೆ.

ಇವರ ಮುಖ ಅರಳಿತು. "ನಿಜವಾಗ್ಲೂನಾ? ಹಾಗಾದ್ರೆ ನಾನು ಅಸಿಸ್ಟೆಂಟು."

"ನೀವು ಸುಮ್ಮನ ಕೂಡ್ರಿ. ಅದ ನನಗ ದೊಡ್ಡ ಅಸಿಸ್ಟೆನ್ಸು."

ಸುಮ್ಮನೆ ಕೂರುವ ಜಾತಿಯಲ್ಲ ಅವರದು. ಲ್ಯಾಪ್‌ಟಾಪ್ ಹಿಡಿದುಕೊಂಡು ಡ್ರೈವ್‌ವೇಗೆ ಬಂದರು. ನಾನು ಜೀಪಿನ ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಡಿಯಲ್ಲಿ ಮಲಗಿ, ಪಾಟಾವನ್ನು ಅಚ್ಚಿಗೆ ಬಿಗಿದಿದ್ದ ಯು ಬೋಲ್ಟುಗಳ ಜೊತೆ ಗುದ್ದಾಡುತ್ತಿದ್ದೆ. ಇಲ್ಲಿ ರಸ್ತೆಗೆ ಚಳಿಗಾಲವೆಲ್ಲ ಉಪ್ಪು ಸುರಿಯುತ್ತಾರೆ, ಮೂವತ್ತು ವರ್ಷ ಉಪ್ಪು ತಿಂದ ಬೋಲ್ಟು ಪಾನಾ ಹಾಕಿ ತಿರುಗಿಸಿದರೆ ಬಗ್ಗುತ್ತದೆಯೇ? ಒಂದೊಂದನ್ನೂ ಕತ್ತರಿಸಿ ತೆಗೆಯಬೇಕಾಯಿತು. ಎದುರು ಮನೆಯ ಅಜ್ಜಿ ಪರದೆ ಸರಿಸಿ ನೋಡಿದಳು, ನಾನು ಕೈ ಬೀಸಿದೆ, ಪರದೆ ಮುಚ್ಚಿತು. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ದಿಸ್ ಈಸ್ ಸೋ ಎಂಬ್ಯಾರಸಿಂಗ್" ಅಂತ ಒಳಗೆ ಹೋದಳು. ಅಪ್ಪ ಕೆಸರು ಗಾಡಿಯಲ್ಲಿ ಸ್ಕೂಲಿಗೆ ಬಿಟ್ಟರೆ ನಾಚಿಕೆಯಿಲ್ಲ, ಅಮ್ಮ ಗಾಡಿ ಕೆಳಗೆ ಮಲಗಿದರೆ ಇವಳ ಮಾನ ಹೋಗುತ್ತದೆ.

"ಒಂದು ವಿಷಯ ಹೇಳ್ಲಾ?" ಇವರು ಲ್ಯಾಪ್‌ಟಾಪಿನ ಹಿಂದಿನಿಂದ ಕೇಳಿದರು.

"ಬ್ಯಾಡ ಅಂದ್ರ ಬಿಡ್ತೀರೇನು?"

"ಈ ಗಾಡಿ ತುಂಬಾ ಹಗುರ ಕಣೆ. ಇರೋ ಎಲೆಗಳಿಗೇ ಶೇಪ್ ಕೊಟ್ಟು ವಾಪಸ್ ಹಾಕಿದ್ರೆ ಸಾಕು. ಇನ್ನೊಂದು ಎಲೆ ಸೇರಿಸಿದ್ರೆ ಗಟ್ಟಿಯಾಗಿಬಿಡುತ್ತೆ. ಬಂಡೆ ಮೇಲೆ ಒಂದು ಗಾಲಿ ಹತ್ತಿದಾಗ ಉಳಿದದ್ದು ನೆಲ ಬಿಡದೆ ಇರಬೇಕಲ್ಲ, ಅದಕ್ಕೆ ಸ್ಪ್ರಿಂಗ್ ಬಾಗಬೇಕು."

ಎಲೆಯಂತೆ! ಲೀಫ್ ಅಂದರೆ ಎಲೆ ಅಂತ ಯಾರೋ ಹೇಳಿರಬೇಕು. ನಾನು ಗಾಡಿ ಕೆಳಗಿನಿಂದಲೇ ಮಂಗಳಾರತಿ ಎತ್ತಿದೆ. "ಎಲಿ ಅಂದ್ರ ಊಟಕ್ಕ ಹಾಕೂದ್ರಿ. ಇದು ಪಾಟಾ. ನಮ್ಮಪ್ಪ ನಲವತ್ತು ವರ್ಷ ಕಟ್ಟ್ಯಾನ, ಒಂದು ಪಾಟಾ ಕಮ್ಮಿ ಹಾಕಿದ್ದು ನಾ ನೋಡಿಲ್ಲ. ನೀವು ಹಿಂದ ಟೆಂಟು ಹೇರತೀರಿ, ಕೂಲರ್ ಹೇರತೀರಿ, ನಿಮ್ಮ ಕ್ಲಬ್ಬಿನ ಆ ದಡೂತಿನ್ನ ಕೂಡಸ್ಕೊಂಡು ಹೊಂಡತೀರಿ. ನಿಮ್ಮ ಹಸಿರು ಹಳದಿ ಪಟ್ಟಿ ಭಾರ ಹೊರತೈತೇನು?"

"ಟೆಂಟು ಕೂಲರ್ ಎಲ್ಲಾ ಸೇರಿಸೇ ಲೆಕ್ಕ ಹಾಕಿದೀನಿ."

"ಲೆಕ್ಕ ಮಡಚಿ ಕಿಸೇದಾಗ ಇಟ್ಕೊಳ್ರಿ."

ಲ್ಯಾಪ್‌ಟಾಪ್ ಮುಚ್ಚಿದರು. ಹೇಳಿದ ಮಾತು ಮತ್ತೆ ಹೇಳುವ ಅಭ್ಯಾಸ ಅವರಿಗಿಲ್ಲ. ಆ ಗುಣಕ್ಕೂ ನಾನು ವರ್ಷಗಟ್ಟಲೆ ಮೂಗು ಮುರಿದಿದ್ದೇನೆ.

ಮುಂದಿನ ವಾರ ಪೂರ್ತಿ ಊಟದ ಬಿಡುವಿನಲ್ಲಿ ನಾನು ಶಾಪಿನ ಒಳಗೆ. ಉಳಿದವರು ಸ್ಯಾಂಡ್‌ವಿಚ್ ತಿನ್ನುವಾಗ ನಾನು ಪ್ರೆಸ್ಸಿನಲ್ಲಿ ಹಳೇ ಪಾಟಾಗಳಿಗೆ ಬಿಲ್ಲು ಕೊಟ್ಟೆ. ಹೊಸ ಉಕ್ಕಿನ ಪಟ್ಟಿ ತಗೊಂಡು ನಾಲ್ಕು ತುಂಡು ಕತ್ತರಿಸಿದೆ, ಒಂದೊಂದು ಗಾಲಿಗೆ ಒಂದೊಂದು. ತುದಿಗಳನ್ನು ಅಪ್ಪ ಮಾಡುತ್ತಿದ್ದ ಹಾಗೇ ಗುಂಡಗೆ ತೀಡಿ, ಕೆಳಗಿನಿಂದ ತೆಳ್ಳಗೆ ಸವರಿದೆ, ಮೇಲಿನ ಪಾಟಾಕ್ಕೆ ಚುಚ್ಚಬಾರದು ಅಂತ. ಕೊನೆಗೆ ಚೀಲದಿಂದ ಪಂಚು ತೆಗೆದು ಅಂಚಿನ ಮೇಲಿಟ್ಟು ಹೊಡೆದೆ. ಟಕ್ ಟಕ್ ಟಕ್. ನಲವತ್ತಾರನೇ ವಯಸ್ಸಿನಲ್ಲಿ ಮೊದಲನೇ ಸಲ. ಖರೇ ಹೇಳುತ್ತೇನೆ, ಮದುವೆಯಲ್ಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಕಟ್ಟುವಾಗ ಒಂದು ತಪ್ಪೂ ಮಾಡಲಿಲ್ಲ, ಅದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಹಳೇ ಯು ಬೋಲ್ಟು ಒಂದನ್ನೂ ವಾಪಸ್ ಹಾಕಲಿಲ್ಲ. ಪಾಟಾದ ಎರಡು ತುದಿಯಲ್ಲಿ ರಬ್ಬರ್ ಬುಶ್ಶು ಕೂರುತ್ತದೆ. ಅದರ ಬೋಲ್ಟನ್ನು ಗಾಡಿ ಮೇಲೆತ್ತಿದ್ದಾಗ ಬಿಗಿ ಮಾಡಬಾರದು. ಗಾಡಿಯನ್ನು ನೆಲಕ್ಕಿಳಿಸಿ, ಭಾರ ಪಾಟಾದ ಮೇಲೆ ಬಿದ್ದು ಅದು ತನ್ನ ಜಾಗಕ್ಕೆ ಬಂದ ಮೇಲೆ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಇದು ಕ್ಲಬ್ಬಿನ ಇಂಜಿನಿಯರುಗಳಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ನಮ್ಮ ಮನೆಯವರಿಗೆ ಗೊತ್ತಿತ್ತು, ಯಾವುದೋ ವಿಡಿಯೊದಲ್ಲಿ ನೋಡಿದ್ದರಂತೆ. ನನಗೆ ಅದೂ ಹಿಡಿಸಲಿಲ್ಲ.

ನೆಲಕ್ಕಿಳಿಸಿದಾಗ ಜೀಪು ಮೊದಲಿಗಿಂತ ಮೂರು ಇಂಚು ಎತ್ತರ ನಿಂತಿತ್ತು. ಕ್ಲಬ್ಬಿನವರು ಬಂದು ವಾಹ್ ವಾಹ್ ಅಂತ ಫೋಟೊ ಹೊಡೆದರು. ಆದರೆ ಓಡಿಸಿದಾಗ ಗೊತ್ತಾಗಬೇಕಿತ್ತು ನನಗೆ. ಏಪ್ರಿಲಿನ ರಸ್ತೆ, ಹಿಮ ಕರಗಿ ಹೆಜ್ಜೆಗೊಂದು ಗುಂಡಿ ಬಿದ್ದಿತ್ತು. ಒಂದೊಂದು ಗುಂಡಿಗೂ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಹಿಂದೆ ಕೂತ ಮಗಳು, "ಅಮ್ಮಾ, ವೀ ಆರ್ ನಾಟ್ ಸಿಮೆಂಟ್" ಅಂದಳು. ಮುಂದೆ ಕೂತ ಇವರು ಕಿಟಕಿ ಮೇಲಿನ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಹೊಸಾದು, ಪಳಗಬೇಕು" ಅಂದೆ ನಾನು. ಪಾಟಾ ಪಳಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅಂದೆ.

ಮಾಲಕರು ರಜೆಯಿಂದ ಬಂದರು, ಮೇ ತಿಂಗಳ ಒಂದು ಶನಿವಾರ ಬಾ ಅಂದರು. ಇವರೂ ಜೊತೆಗೆ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹೆಣ್ಣು ನೋಡಲು ಹೊರಟ ಹಾಗೆ ಕಾಣುತ್ತೀರಿ ಅಂತ ದಾರಿಯುದ್ದಕ್ಕೂ ಕಾಡಿಸಿದೆ. ಶಾಪಿನ ಹಿಂದೆ ಅಂಗಳ ಇದೆ, ಅಲ್ಲಿ ಹಳೇ ರೈಲು ಹಳಿಯ ಕಟ್ಟಿಗೆ ದಿಮ್ಮಿಗಳನ್ನು ಮೆಟ್ಟಿಲ ಹಾಗೆ ಪೇರಿಸಿ ಇಟ್ಟಿದ್ದರು. ಮಾಲಕರು ತಾವೇ ಜೀಪು ಹತ್ತಿ, ಎಡಗಡೆ ಮುಂದಿನ ಗಾಲಿಯನ್ನು ನಿಧಾನಕ್ಕೆ ದಿಮ್ಮಿಯ ಮೇಲೆ ಹತ್ತಿಸಿದರು. ಒಂದು ಮೆಟ್ಟಿಲು. ಎರಡು. ಮೂರನೆಯದಕ್ಕೆ ಹೋಗುವ ಮೊದಲೇ ಅದೇ ಮಗ್ಗಲಿನ ಹಿಂದಿನ ಗಾಲಿ ನೆಲ ಬಿಟ್ಟಿತು. ಪಾಟಾ ಬಾಗಲೇ ಇಲ್ಲ. ಇವರು ಡ್ರೈವ್‌ವೇನಲ್ಲಿ ಹೇಳಿದ್ದು ಹಾಗೆ ಹಾಗೇ ನನ್ನ ಕಣ್ಣ ಮುಂದೆ ಗಾಳಿಯಲ್ಲಿ ತಿರುಗುತ್ತಿತ್ತು. ಈ ಜೀಪಿಗೆ ಹದಿನಾರು ಟನ್ ಯಾರು ಹೇರುತ್ತಾರೆ? ಗಿರಾಕಿಯ ಬಾಯಿ ನಂಬಬೇಡ, ಗಾಡಿ ನೋಡು ಅಂದಿದ್ದ ಅಪ್ಪ. ನಾನು ಗಾಡಿಯನ್ನೇ ನೋಡಿರಲಿಲ್ಲ, ಹುಬ್ಬಳ್ಳಿಯ ಲಾರಿಗೆ ಕಟ್ಟಿದ್ದೆ.

ಮಾಲಕರು ಇಳಿದು, ಮಂಡಿಯೂರಿ, ಟಾರ್ಚ್ ಬಿಟ್ಟು ಅಡಿಯಲ್ಲಿ ನೋಡಿದರು. ಭಾಳ ಹೊತ್ತು ನೋಡಿದರು. ಫೋನ್ ತೆಗೆದು ಏನೋ ಕ್ಲಿಕ್ಕಿಸಿದರು ಕೂಡ. ಎದ್ದು ಮಂಡಿ ಝಾಡಿಸಿಕೊಂಡು ಕೇಳಿದರು, "ಬಿಗಿಯೆಲ್ಲ ಸರಿಯಿದೆ. ಆದರೆ ಈ ಹೆಚ್ಚಿನ ಪಟ್ಟಿ ಯಾರು ಹಾಕಿದ್ದು?"

ನಾನು ಬಾಯಿ ತೆಗೆಯುವ ಮೊದಲೇ ನನ್ನ ಮಗ್ಗಲಿನಿಂದ ದನಿ ಬಂತು.

"ನಾನು ಸರ್. ಅವಳು ಬೇಡ ಅಂದಿದ್ದಳು. ನಾನೇ ಹಟ ಮಾಡಿ ಹಾಕಿಸಿದೆ."

ಇಸ್ತ್ರಿ ಅಂಗಿಯ ಸಾಫ್ಟ್‌ವೇರು ಮನುಷ್ಯ, ಮುಖದ ಮೇಲೆ ಒಂದಿಷ್ಟು ಪೆದ್ದ ನಗು. ಯಾರು ನೋಡಿದರೂ ನಂಬುವ ಹಾಗಿತ್ತು. ಮಾಲಕರು ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಏನಾದರೂ ಅನ್ನುತ್ತೇನೋ ಅಂತ ಕಾದರು.

ಹೆಜ್ಜೆಗೊಂದು ಮಾತು ಆಡುವವಳು ನಾನು. ಇಡೀ ಜನ್ಮದಲ್ಲಿ ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತೆ. ಬೆಂಚ್ ಕಣ್ಣೆದುರು ಇತ್ತು. ತೆರೆದ ಬಾಗಿಲಿನ ಒಳಗೆ, ಹತ್ತು ಹೆಜ್ಜೆ ದೂರ.

"ಸರಿ. ಸೋಮವಾರ ಮಾತಾಡೋಣ" ಅಂತ ಮಾಲಕರು ಒಳಗೆ ಹೋದರು.

ವಾಪಸ್ ಬರುವಾಗ ಪ್ರತಿ ಗುಂಡಿಗೂ ಜೀಪು ಎತ್ತಿ ಒಗೆಯಿತು. ಯಾಕೆ ಹಾಗಂದ್ರಿ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಕೇಳಿದರೆ ನೀನು ಯಾಕೆ ಸುಮ್ಮನಿದ್ದೆ ಅನ್ನುವ ಮಾತು ಬರುತ್ತಿತ್ತು. ಇವರೇ ಸಿಗ್ನಲ್ಲಿನಲ್ಲಿ ಅಂದರು, "ಬಿಡು, ಒಂದು ಎಲೆ ತಾನೇ. ನಾನು ಹಾಕಿದೆ ಅಂದ್ರೆ ನನಗೇನು ನಷ್ಟ? ನಿನಗೆ ಬೆಂಚ್ ಸಿಗಲಿ." ಎಲೆ ಅಲ್ಲ ಪಾಟಾ ಅನ್ನಲು ಆವತ್ತು ನನಗೆ ನಾಲಿಗೆ ಏಳಲಿಲ್ಲ. ಥೂ ನನ್ನ ಜನ್ಮಕ್ಕೆ ಅಂತ ಒಳಗೊಳಗೇ ಉಗಿದುಕೊಂಡೆ. ಆದರೂ ಭಾನುವಾರ ಪೂರ್ತಿ, ಒಂದು ಮೂಲೆಯಲ್ಲಿ, ಬೆಂಚಿನ ಹತ್ತಿರ ನನ್ನ ಪಾನಾ ಸೆಟ್ಟು ಎಲ್ಲಿಡಲಿ ಅಂತ ಯೋಚನೆ ಮಾಡುತ್ತಿದ್ದೆ. ಮನುಷ್ಯರ ನಾಚಿಕೆಗೂ ಒಂದು ಮಿತಿ ಇರುತ್ತದೆ ನೋಡಿ.

ಸೋಮವಾರ ಮಾಲಕರು ಕೌಂಟರಿಗೆ ಬಂದು, ಫೋನನ್ನು ನನ್ನ ಮುಂದೆ ಇಟ್ಟರು. ಟಾರ್ಚಿನ ಬೆಳಕಿನಲ್ಲಿ ತೆಗೆದ ಫೋಟೊ. ಪಟ್ಟಿಯ ಅಂಚು. ಅದರ ಮೇಲೆ ಸಾಲಾಗಿ, ಹೊಸದಾಗಿ ಮಿನುಗುವ ಮೂರು ಚುಕ್ಕೆ.

"ನಿನ್ನ ಗಂಡನ ಅಪ್ಪನದೂ ಸ್ಪ್ರಿಂಗ್ ಅಂಗಡಿಯಾ?" ಕೇಳಿದರು.

ನನ್ನ ಮಾವ ಮೈಸೂರಿನಲ್ಲಿ ಲೆಕ್ಕದ ಮೇಷ್ಟ್ರು. ಅದು ಅವರಿಗೂ ಗೊತ್ತಿತ್ತು, ಅದನ್ನೂ ಯಾವುದೋ ಹಿಮದ ದಿನ ನಾನೇ ಹೇಳಿದ್ದೆ.

"ಅದು ನನ್ನದು" ಅಂದೆ.

"ಇವತ್ತು ನಿನ್ನದು. ಶನಿವಾರ ಯಾರದಾಗಿತ್ತು?"

ಅವರು ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ಎಷ್ಟೋ ಚೆನ್ನಾಗಿತ್ತು, ನಾನೂ ಎತ್ತರಿಸುತ್ತಿದ್ದೆ. ಮೊದಲನೇ ಸಲ ಕಟ್ಟುವವರೆಲ್ಲ ಗಟ್ಟಿಯಾಗಿಯೇ ಕಟ್ಟುತ್ತಾರೆ, ತಮ್ಮ ಊರಲ್ಲಿ ಕಲ್ಲಿನ ಲಾರಿಗೆ ಕಟ್ಟಿ ಅಭ್ಯಾಸವಿದ್ದ ತಮ್ಮ ಅಪ್ಪನೂ ಇಲ್ಲಿ ಬಂದು ಒಂದು ವರ್ಷ ಹಾಗೇ ಕಟ್ಟಿದ್ದ, ನಿನ್ನ ಹೆಚ್ಚಿನ ಪಟ್ಟಿ ಕಂಡಾಗ ನಗು ಬಂತು ಅಂದರು. ತುದಿ ತೀಡಿದ್ದು ನೋಡಿ ಆಗಲೇ ಬೆಂಚ್ ನಿನ್ನದೇ ಅಂದುಕೊಂಡೆ, ನಿನ್ನ ಬಾಯಿಂದಲೇ ಬರಲಿ ಅಂತಲೇ ಯಾರು ಹಾಕಿದ್ದು ಅಂತ ಕೇಳಿದೆ ಅಂದರು.

"ಹೆಚ್ಚಿನ ಪಟ್ಟಿ ತೆಗೆಯಬಹುದು, ಒಂದು ತಾಸಿನ ಕೆಲಸ. ಆದರೆ ಬೆಂಚಿನವರು ತಪ್ಪು ಮಾಡಿ ಸುಮ್ಮನಿದ್ದರೆ ಆ ಲಾರಿ ರಸ್ತೆಗೆ ಹೋಗುತ್ತದೆ. ಅದರ ಮುಂದೆ ಯಾರ ಮಕ್ಕಳ ಕಾರು ಇರುತ್ತದೋ ನನಗೆ ಗೊತ್ತಿರುವುದಿಲ್ಲ." ಫೋನ್ ಕಿಸೆಗೆ ಹಾಕಿಕೊಂಡರು. "ಜೂನಿಗೆ ಬೇರೆಯವರನ್ನು ತಗೊಳ್ಳುತ್ತೇನೆ. ಮುಂದಿನ ವರ್ಷ ಕೇಳು."

ಅಷ್ಟರಲ್ಲಿ ಒಬ್ಬ ಡ್ರೈವರು ಒಳಗೆ ಬಂದು, ಯಾರಾದರೂ ಗಂಡಸರಿದ್ದಾರಾ ಅಂದ. ಇದ್ದಾರೆ ಅಂತ ಮಾಲಕರತ್ತ ಕೈ ತೋರಿಸಿದೆ.

ಸಂಜೆ ಮನೆಗೆ ಬಂದಾಗ ಇವರು ಬಾಗಿಲಲ್ಲೇ ಕಾಯುತ್ತಿದ್ದರು. ಒಲೆಯ ಮೇಲೆ ಕೇಸರಿಬಾತು ಮಾಡಿಟ್ಟಿದ್ದರು, ಗಂಟು ಗಂಟಾಗಿತ್ತು. "ಸಿಕ್ತಾ?" ಅಂದರು. ನನ್ನ ಮುಖ ನೋಡಿ ಅವರ ಮುಖ ಇಳಿಯಿತು. "ಅಯ್ಯೋ. ನನ್ನಿಂದಾನಾ? ನಾನು ಮಧ್ಯ ಬಾಯಿ ಹಾಕಬಾರದಿತ್ತು ಅಲ್ವಾ?"

ಇಪ್ಪತ್ತು ವರ್ಷ ಈ ಮನುಷ್ಯನನ್ನು ಯಾವುದಕ್ಕೂ ಉಪಯೋಗವಿಲ್ಲ ಅಂತ ಆಡಿಕೊಂಡಿದ್ದೇನೆ. ಅಲ್ಲೇ ಚಪ್ಪಲಿ ಬಿಡುವ ಜಾಗದಲ್ಲಿ ಕುಸಿದು ಕೂತು ಅತ್ತುಬಿಟ್ಟೆ. "ನಿಮ್ಮಿಂದ ಅಲ್ರೀ. ನನ್ನಿಂದ. ನೀವು ಹೇಳಿದ್ದು ಬರೋಬ್ಬರಿ ಇತ್ತು, ನಾ ಕೇಳಲಿಲ್ಲ. ಅವರು ಕೇಳಿದಾಗ ನಂದು ಅನ್ನಲಿಲ್ಲ." ಇವರು ಮಗ್ಗಲಲ್ಲಿ ಕೂತರು. ಆಮೇಲೆ ಇಬ್ಬರೂ ಗಂಟು ಗಂಟಾದ ಕೇಸರಿಬಾತು ತಿಂದೆವು. ಸಕ್ಕರೆ ಕಮ್ಮಿಯಾಗಿತ್ತು, ಹೇಳಲಿಲ್ಲ.

ಮುಂದಿನ ಶನಿವಾರ ನಾಲ್ಕೂ ಹೆಚ್ಚಿನ ಪಾಟಾ ಬಿಚ್ಚಿದೆವು. ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬೋಲ್ಟುಗಳನ್ನು ಅವರ ಕೈಯಿಂದಲೇ ಬಿಗಿ ಮಾಡಿಸಿದೆ. ಹಸಿರು ಹಳದಿ ಪಟ್ಟಿಯ ಪ್ರಕಾರ ಜೀಪು ಈಗ ಬಂಡೆಗಳ ಮೇಲೆ ಬೆಕ್ಕಿನ ಹಾಗೆ ಹೋಗುತ್ತದಂತೆ. ಕ್ಲಬ್ಬಿನ ಮಹಾನುಭಾವರು ಈಗಲೂ ಬಂದು ಗಿರ್ಮಿಟ್ ತಿಂದು ಪಾಠ ಹೇಳುತ್ತಾರೆ, ಅದರಲ್ಲೇನೂ ಬದಲಾವಣೆ ಇಲ್ಲ.

ತೆಗೆದ ನಾಲ್ಕರಲ್ಲಿ ಒಂದು ಪಾಟಾವನ್ನು ಶಾಪಿಗೆ ಒಯ್ದು ಕೌಂಟರಿನ ಹಿಂದೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಬೆಂಚಿನಲ್ಲಿ ಈಗ ಬೇರೆ ಯಾರೋ ಇದ್ದಾರೆ, ತುದಿ ತೀಡಲು ಅವರಿಗೆ ಬರುವುದಿಲ್ಲ. ಗಿರಾಕಿಗಳು ಆ ಮೂರು ಚುಕ್ಕೆ ನೋಡಿ ಇದು ಯಾರ ಕೆಲಸ ಅಂತ ಕೇಳುತ್ತಾರೆ. ನನ್ನದು ಅನ್ನುತ್ತೇನೆ. ದಿನಕ್ಕೆ ಎರಡು ಸಲ, ಮೂರು ಸಲ, ಕೇಳಿದವರಿಗೆಲ್ಲ ಅನ್ನುತ್ತೇನೆ. ಆ ಶನಿವಾರ ಒಂದು ಸಲ ಅಂದಿದ್ದರೆ ಸಾಕಿತ್ತು.